ಪದವಿ ಹೆಚ್ಚೋ, ಅನುಭವ ಹೆಚ್ಚೋ?

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಬೆಂಗಳೂರಿನಲ್ಲಿ ಸೈಬರ್ ಭದ್ರತೆಯ ಕೆಲಸದಲ್ಲಿದ್ದೇನೆ. ಯಳಂದೂರಿಗೆ ಬಂದಾಗಲೆಲ್ಲ ತಂದೆತಾಯಿಯರು ಕೇಳುವುದು ಒಂದೇ ಮಾತು: "ಈ ಕೆಲಸಕ್ಕೆ ಡಿಗ್ರಿ ಬೇಕಾ? ಆರು ತಿಂಗಳ ಕೋರ್ಸ್ ಸಾಕಂತಲ್ಲ, ಸಾಲ ಮಾಡಿ ಸೇರಿಸೋದಾ?" ಇವತ್ತು ಅದಕ್ಕೆ ಉತ್ತರ ಹೇಳುತ್ತೇನೆ.

ಬ್ಯಾಂಕು, ಆಸ್ಪತ್ರೆ, ಕಚೇರಿಗಳ ಕಂಪ್ಯೂಟರಿಗೆ ಕಳ್ಳರು ನುಗ್ಗದಂತೆ ಕಾಯುವುದೇ ನಮ್ಮ ಕೆಲಸ. ರಾತ್ರಿ ಎರಡು ಗಂಟೆಗೆ ಯಾರೋ ಲಾಗಿನ್ ಆದರೆ, ಸಿಬ್ಬಂದಿಯೋ ಕಳ್ಳನೋ ಎಂದು ಗುರುತಿಸಬೇಕು. ಬಿಳಿಗಿರಿರಂಗನ ಬೆಟ್ಟದಂಚಿನ ಹೊಲದಲ್ಲಿ ಕಾವಲು ಕೂರುವ ರೈತನಿಗೆ ಸದ್ದು ಕೇಳಿದರೆ ಸಾಕು, ಹಂದಿಯೋ ಆನೆಯೋ ಗೊತ್ತಾಗುತ್ತದೆ. ಎಷ್ಟೋ ರಾತ್ರಿ ನಿದ್ದೆಗೆಟ್ಟು ಬಂದ ತಿಳಿವಳಿಕೆ ಅದು. ನಮ್ಮ ಕೆಲಸವೂ ಹಾಗೆಯೇ.

ನಮ್ಮಲ್ಲಿ ಸಿಐಎಸ್‌ಎಸ್‌ಪಿ ಎಂಬ ಹೆಸರಾಂತ ಪ್ರಮಾಣಪತ್ರವಿದೆ. ಅದಕ್ಕೆ ಪರೀಕ್ಷೆ ಪಾಸಾದರೆ ಸಾಲದು, 5 ವರ್ಷದ ಅನುಭವ ಬೇಕು. ಪದವಿ ಇದ್ದವರಿಗೆ ಸಿಗುವ ರಿಯಾಯಿತಿ 1 ವರ್ಷ ಮಾತ್ರ. ಒಎಸ್‌ಸಿಪಿ ಎಂಬ ಇನ್ನೊಂದು ಪರೀಕ್ಷೆಗೆ ಪದವಿಯನ್ನು ಕೇಳುವುದೇ ಇಲ್ಲ. ಸುಮಾರು 24 ಗಂಟೆಯೊಳಗೆ, ಪರೀಕ್ಷೆಗೆಂದೇ ಇಟ್ಟ ಕಂಪ್ಯೂಟರುಗಳ ದೋಷ ಹುಡುಕಿ ಒಳಹೊಕ್ಕು ತೋರಿಸಬೇಕು.

ಹಾಗಾದರೆ ಪದವಿ ಬೇಡವೇ? ಬೇಕು. ಅರ್ಜಿಗಳು ರಾಶಿ ಬಿದ್ದಾಗ ಎಷ್ಟೋ ಕಂಪನಿಗಳಲ್ಲಿ ಮೊದಲ ಜರಡಿ ಪದವಿಯೇ. ಅನೇಕ ಸರ್ಕಾರಿ ಹುದ್ದೆಗಳಿಗೆ ಅದಿಲ್ಲದೆ ಅರ್ಜಿಯನ್ನೇ ಹಾಕಲಾಗದು. ಶಿಫಾರಸು ಮಾಡಲು ಪಟ್ಟಣದಲ್ಲಿ ಪರಿಚಯದವರಿಲ್ಲದ ನಮ್ಮ ಮಕ್ಕಳಿಗೆ ಪದವಿಯೇ ಆಧಾರ. ಬಿಇ ಆಗಲೇಬೇಕೆಂದಿಲ್ಲ, ಬಿಸಿಎ, ಬಿಎಸ್ಸಿ ಆದರೂ ಸರಿ.

ಮಕ್ಕಳೇ, ಓದುತ್ತಲೇ ಕೈ ಪಳಗಿಸಿಕೊಳ್ಳಿ. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ನೋಡಿ, ಪೈಥಾನ್ ಕಲಿಯಿರಿ. ಇವೆರಡೂ ಉಚಿತ. ಆದರೆ ಅನುಮತಿಯಿಲ್ಲದೆ ಇನ್ನೊಬ್ಬರ ಫೋನು, ವೈಫೈ ಮುಟ್ಟಬೇಡಿ. ವಂಚಿಸುವ ಉದ್ದೇಶದಿಂದ ನುಗ್ಗಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು.

ಹಿರಿಯರೇ, "ಕೆಲಸ ಗ್ಯಾರಂಟಿ" ಎಂದು ಲಕ್ಷಗಟ್ಟಲೆ ಕೇಳುವವರನ್ನು ನಂಬಿ ಜಮೀನು ಅಡವಿಡಬೇಡಿ. ಅವರು ಕೊಡುವ ಕಾಗದ ಪದವಿಯೂ ಅಲ್ಲ, ಅನುಭವವೂ ಅಲ್ಲ.

ನಮ್ಮ ಯಳಂದೂರಿನ ಸಂಚಿಯ ಹೊನ್ನಮ್ಮ ಮೈಸೂರು ಅರಮನೆಯಲ್ಲಿ ತಾಂಬೂಲದ ಸಂಚಿ ಹಿಡಿಯುವ ಊಳಿಗದಲ್ಲಿದ್ದವರು. ಅಲ್ಲಿದ್ದುಕೊಂಡೇ ಸಿಂಗರಾರ್ಯರಂಥ ಗುರುವಿನಿಂದ ಕಲಿತು 'ಹದಿಬದೆಯ ಧರ್ಮ' ಬರೆದರು. ಕೆಲಸವೂ ಇತ್ತು, ಕಲಿಸುವವರೂ ಇದ್ದರು. ನಮ್ಮ ಮಕ್ಕಳಿಗೂ ಎರಡೂ ಸಿಗಬೇಕು. ಕಾಲೇಜು ಪದವಿ ಕೊಡುತ್ತದೆ. ಮೊದಲ ಅನುಭವವನ್ನು ನಾವು ಕೊಡಬಹುದು. ಕಂಪ್ಯೂಟರ್ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳೇ, ವರ್ಷಕ್ಕೆ ಎರಡು ಶನಿವಾರ ಈ ಶಾಲೆಗೆ ಬನ್ನಿ. ನನ್ನ ಎರಡು ಶನಿವಾರಗಳನ್ನು ಮುಖ್ಯೋಪಾಧ್ಯಾಯರಿಗೆ ಇವತ್ತೇ ಬರೆದುಕೊಡುತ್ತೇನೆ.