ಬೆಸುಗೆಯಿಲ್ಲದ ಹಲಗೆ, ಸದ್ದಿಲ್ಲದ ವಿದ್ಯುತ್ತು

ಬೆಳಗಿನ ಭಕ್ತಿಗೀತೆಯ ಹೊತ್ತು. ಹಾಡುವವರು ಒಂದು ಚರಣ ಮುಗಿಸಿ ನಿಲ್ಲುತ್ತಾರೆ. ಆಗ ತಂಬೂರಿಯ ಶ್ರುತಿಯೊಂದೇ ಕೇಳಬೇಕು. ಆದರೆ ಅದರ ಅಡಿಯಲ್ಲಿ, ಯಾರೂ ಕರೆಯದ ಇನ್ನೊಂದು ಶ್ರುತಿ ‘ಗುಂಯ್’ ಎಂದು ಬಿಡದೆ ಮೊರೆಯುತ್ತಿರುತ್ತದೆ. ಇದನ್ನು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. ಕೇಳಿ, ನಿಲಯದವರನ್ನು ಬೈದೂ ಇರಬಹುದು. ಒಂದು ಪರೀಕ್ಷೆ ಮಾಡಿ ನೋಡಿ. ರೇಡಿಯೋವಿಗೆ ಒಣ ಸೆಲ್ಲುಗಳನ್ನು ಹಾಕಿ ನುಡಿಸಿರಿ. ಆಗ ಮೊರೆತ ಮಾಯವಾದರೆ ತಪ್ಪು ನಿಲಯದ್ದಲ್ಲ, ಗೋಡೆಯಿಂದ ಬರುವ ವಿದ್ಯುತ್ತನ್ನು ಹದಮಾಡುವ ಪೆಟ್ಟಿಗೆಯದು.

ನನ್ನ ತಾಯಿಯವರ ರೇಡಿಯೋ ಹೀಗೆಯೇ ಮೊರೆಯುತ್ತಿತ್ತು. ಅವರಿಗೆ ಕಿವಿ ಸ್ವಲ್ಪ ಮಂದ. ವಾರ್ತೆಯ ಮಾತುಗಳು ಮೊರೆತದಲ್ಲಿ ಕಲಸಿಹೋಗಿ, “ನನ್ನ ಕಿವಿಯೇ ಹೋಯಿತಪ್ಪ” ಎಂದು ಅವರು ವಾರ್ತೆ ಕೇಳುವುದನ್ನೇ ಬಿಟ್ಟರು. ಒಂಬತ್ತು ವೋಲ್ಟಿನ ಒಳ್ಳೆಯ ಪೆಟ್ಟಿಗೆಯೊಂದನ್ನು ನಾನೇ ಮಾಡಿಕೊಡೋಣವೆಂದು ಹೊರಟೆ.

ಗೋಡೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಟ್ರಾನ್ಸ್‌ಫಾರ್ಮರು ಅದನ್ನು ತಗ್ಗಿಸಿ, ನಾಲ್ಕು ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸಿದಾಗ ಸೆಕೆಂಡಿಗೆ 100 ಅಲೆಗಳಾಗುತ್ತವೆ. ಅಲೆಗಳ ನಡುವಣ ತಗ್ಗನ್ನು ತುಂಬುವ ಕೆರೆಯೇ ಕೆಪ್ಯಾಸಿಟರು. ಅದು 1000 ಮೈಕ್ರೋಫ್ಯಾರಡಿನದಾಗಿದ್ದು, ರೇಡಿಯೋ 100 ಮಿಲಿಆಂಪಿಯರು ಸೆಳೆದರೆ, ಹೆಚ್ಚುಕಡಮೆ ಒಂದು ವೋಲ್ಟಿನ ಏರಿಳಿತ ಉಳಿಯುತ್ತದೆ. ಇಲ್ಲಿಗೆ ಬರುವವನು ರೆಗ್ಯುಲೇಟರು. ಅವನನ್ನು ಊರಿನ ನೀರಗಂಟಿಯೆನ್ನಬಹುದು. ಕೆರೆ ಏರಲಿ ಇಳಿಯಲಿ, ತೂಬನ್ನು ಹಿಡಿದು ಗದ್ದೆಗೆ ಒಂದೇ ಸಮನೆ ನೀರು ಬಿಡುವುದು ಅವನ ಕೆಲಸ. 1976ರಲ್ಲಿ ಬಂದ ಎಲ್‌ಎಂ 317 ಇಂದಿಗೂ ಸುಲಭವಾಗಿ ಸಿಕ್ಕುವ ನೀರಗಂಟಿ. 240 ಮತ್ತು 1500 ಓಮಿನ ಎರಡು ರೆಸಿಸ್ಟರುಗಳಿಂದ ಅದು 9 ವೋಲ್ಟಿಗೆ ನಿಲ್ಲುತ್ತದೆ. ಅದರ ಹೊಂದಿಕೆಯ ಕಾಲಿಗೆ 10 ಮೈಕ್ರೋಫ್ಯಾರಡಿನ ಕೆಪ್ಯಾಸಿಟರೊಂದನ್ನು ಸೇರಿಸಿದರೆ, ಒಳಬಂದ ಏರಿಳಿತದಲ್ಲಿ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ ಹೊರಕ್ಕೆ ಹೋಗುತ್ತದೆ. ಎಂದರೆ ಒಂದು ವೋಲ್ಟು ಹೋಗಿ ಒಂದು ಮಿಲಿವೋಲ್ಟಿನ ಹತ್ತನೆಯ ಒಂದು ಭಾಗ!

ಇದನ್ನೆಲ್ಲ ನಾನು ಜೋಡಿಸಿದ್ದು ಬ್ರೆಡ್‌ಬೋರ್ಡಿನ ಮೇಲೆ. ಹಿಂದಿನ ರೇಡಿಯೋ ಹವ್ಯಾಸಿಗಳು ಅಡಿಗೆಮನೆಯ ರೊಟ್ಟಿ ಕತ್ತರಿಸುವ ಹಲಗೆಗೆ ಮೊಳೆ ಹೊಡೆದು ತಂತಿ ಸುತ್ತುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. ಈಗಿನದು ಪ್ಲಾಸ್ಟಿಕ್ಕಿನದು, 2.54 ಮಿಲಿಮೀಟರಿಗೊಂದರಂತೆ ತೂತು, ಐದೈದು ತೂತುಗಳ ಕೆಳಗೆ ಒಂದೊಂದು ಲೋಹದ ಹಿಡಿಕೆ. ಬೆಸುಗೆ ಬೇಡ, ಚುಚ್ಚಿದರೆ ಆಯಿತು, ಕಿತ್ತರೆ ಆಯಿತು.

ಆದರೆ ಮೊರೆತ ಹೋಗಲಿಲ್ಲ. ರೆಗ್ಯುಲೇಟರನ್ನು ಮೂರು ಸಲ ಬದಲಿಸಿದೆ. ದೊಡ್ಡ ಕೆಪ್ಯಾಸಿಟರು ತಂದೆ. ಮೊರೆತ ಇನ್ನಷ್ಟು ಹೆಚ್ಚಿತು! ಆಗ ಮಾತ್ರ ನನಗೆ ಹೊಳೆಯಿತು: ನೀರಗಂಟಿಯದಲ್ಲ ತಪ್ಪು, ಕಾಲುವೆಯದು.

ಹಲಗೆಯ ಒಂದೊಂದು ಹಿಡಿಕೆಗೂ ಅಲ್ಪಸ್ವಲ್ಪ ಅಡ್ಡಿಯುಂಟು. ಓಮಿನ ನೂರರಲ್ಲಿ ಐದು ಭಾಗವೆಂದೇ ಇಟ್ಟುಕೊಳ್ಳಿ. ಅದರಲ್ಲಿ 100 ಮಿಲಿಆಂಪಿಯರು ಹರಿದರೆ 5 ಮಿಲಿವೋಲ್ಟು. ರೆಗ್ಯುಲೇಟರು ಉಳಿಸಿದ್ದರ ಐವತ್ತರಷ್ಟು. ಮೇಲಾಗಿ ಕೆಪ್ಯಾಸಿಟರು ಸಾವಕಾಶವಾಗಿ ತುಂಬುವುದಿಲ್ಲ. ಅಲೆಯ ತುದಿಯಲ್ಲಿ ಒಂದೇ ಗುಟುಕಿಗೆ, ಸರಾಸರಿಯ ಹಲವು ಪಟ್ಟು ವಿದ್ಯುತ್ತನ್ನು ಸೆಳೆಯುತ್ತದೆ. ಕೆಪ್ಯಾಸಿಟರು ದೊಡ್ಡದಾದಷ್ಟೂ ಗುಟುಕು ಚೂಪು. ಈ ಗುಟುಕುಗಳೂ ರೇಡಿಯೋವಿನ ಹಿಂದಿರುಗುವ ದಾರಿಯೂ ನನ್ನ ಹಲಗೆಯಲ್ಲಿ ಒಂದೇ ಪಟ್ಟಿಯಾಗಿತ್ತು.

ಪರಿಹಾರ ಸುಲಭ. ಡಯೋಡುಗಳನ್ನೂ ದೊಡ್ಡ ಕೆಪ್ಯಾಸಿಟರನ್ನೂ ಹಲಗೆಯಿಂದ ಹೊರಕ್ಕೆ ತೆಗೆದು, ದಪ್ಪ ತಂತಿಯಿಂದ ನೇರವಾಗಿ ಬೆಸೆದೆ. ಕೆಪ್ಯಾಸಿಟರಿನ ಎರಡು ತುದಿಗಳಿಂದಲೇ ಹಲಗೆಗೆ ಒಂದೊಂದು ತಂತಿ ತಂದೆ. 240 ಓಮಿನ ರೆಸಿಸ್ಟರನ್ನು ರೆಗ್ಯುಲೇಟರಿನ ಕಾಲಿಗೇ ಅಂಟಿಸಿದಂತೆ ಇಟ್ಟೆ. 1500 ಓಮಿನದರ ಕೆಳತುದಿಯನ್ನು ರೇಡಿಯೋವಿನ ಋಣತಂತಿ ಬಂದು ಸೇರುವಲ್ಲಿಯೇ ಸೇರಿಸಿದೆ. ಮೊರೆತ ನಿಂತಿತು. ಆಮೇಲೆ ಅದೇ ಕ್ರಮದಲ್ಲಿ ಎಲ್ಲವನ್ನೂ ಬೆಸುಗೆ ಹಾಕಿ ಪೆಟ್ಟಿಗೆಯಲ್ಲಿಟ್ಟೆ. ಹಲಗೆ ಕಲಿಯುವುದಕ್ಕೆ, ಮನೆಯಲ್ಲಿ ನಿಲ್ಲುವುದಕ್ಕೆ ಬೆಸುಗೆಯೇ ಬೇಕು.

ನಿಮ್ಮ ಮನೆಯ ಹುಡುಗರು ಇದನ್ನು ಮಾಡಹೊರಟರೆ ತಡೆಯಬೇಡಿ. ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಿ: ಗೋಡೆಯ 230 ವೋಲ್ಟು ಯಾವ ಕಾರಣಕ್ಕೂ ಆ ಹಲಗೆಯ ಮೇಲೆ ಬರಕೂಡದು. ಟ್ರಾನ್ಸ್‌ಫಾರ್ಮರು ಮುಚ್ಚಿದ ಪೆಟ್ಟಿಗೆಯಲ್ಲೇ ಇರಲಿ. ತಗ್ಗಿದ ವಿದ್ಯುತ್ತು ಮಾತ್ರ ಹೊರಗೆ ಬರಲಿ.

ಅಂದು ಸಂಜೆ ನನ್ನ ತಾಯಿಯವರು ವಾರ್ತೆಯನ್ನು ಕೊನೆಯವರೆಗೂ ಕೇಳಿದರು. ಮುಗಿದ ಮೇಲೆ, “ಇವತ್ತು ಓದಿದವರು ಬಲು ಸ್ಪಷ್ಟವಾಗಿ ಓದಿದರು ಕಣಪ್ಪ” ಎಂದರು. ನಾನು ಹೌದೆಂದೆ.