ತೆರೆಯ ಲಕ್ಷಣ

(ಬಾನುಲಿ ಭಾಷಣ)

ಕೋಲಾರದಲ್ಲಿ ನಾವು ಕೆಲವು ಮಂದಿ ನಿವೃತ್ತರು ವಾರಕ್ಕೊಮ್ಮೆ ಸೇರಿ ಹಳೆಯ ಪುಸ್ತಕಗಳನ್ನು ಓದುವುದುಂಟು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದಲೂ ಒಬ್ಬಿಬ್ಬರು ಬಸ್ಸು ಹಿಡಿದು ಬರುತ್ತಾರೆ. ಮಾಸ್ತಿ, ಡಿ.ವಿ.ಜಿ. ಅವರು ಹುಟ್ಟಿದ ಸೀಮೆಯಲ್ಲವೆ, ಓದಿನ ಚಟ ಸುಲಭಕ್ಕೆ ಬಿಡದು. ಅಂಗಡಿಗಳಲ್ಲಿ ದೊರೆಯದ ಪುಸ್ತಕಗಳ ಪುಟಗಳನ್ನು ಈಗ ಕಂಪ್ಯೂಟರಿನಲ್ಲಿ ನೋಡಬೇಕಾಗಿದೆ. ಅದಕ್ಕೆಂದು ಅಗ್ಗದ ಚಪ್ಪಟೆ ಮಾನಿಟರೊಂದನ್ನು ಕೊಂಡೆವು. ನಡುವೆ ಕುಳಿತ ನನಗೆ ಎಲ್ಲವೂ ಸ್ಪಷ್ಟವಾಗಿತ್ತು. ಪಕ್ಕದ ಕೊನೆಯಲ್ಲಿ ಕುಳಿತ ಹಿರಿಯರೊಬ್ಬರು ಮಾತ್ರ ಅಕ್ಷರ ಮಾಸಿದೆಯೆಂದೂ ಒತ್ತು ತಿಳಿಯದೆಂದೂ ಹೇಳುತ್ತಲೇ ಇದ್ದರು. ವಯಸ್ಸಿನ ಕಣ್ಣೆಂದು ನಾವು ನಕ್ಕೆವು. ಒಂದು ದಿನ ಅವರ ಕುರ್ಚಿಯಲ್ಲಿ ನಾನು ಕುಳಿತೆ. ದೋಷ ಅವರ ಕಣ್ಣಿನದಾಗಿರಲಿಲ್ಲ.

ಪೆಟ್ಟಿಗೆಯೊಳಗಿದ್ದ ಲಕ್ಷಣಪತ್ರವನ್ನು ಆಗ ಹುಡುಕಿ ತೆಗೆದೆ. ಕೇಶಿರಾಜ ಸೂತ್ರ ಹೇಳಿದ ಮೇಲೆ ವೃತ್ತಿಯನ್ನೂ ಪ್ರಯೋಗವನ್ನೂ ಕೊಡುತ್ತಾನೆ. ಈ ಕಾಗದದಲ್ಲಿ ಬರಿಯ ಸೂತ್ರಗಳು! ವೃತ್ತಿಯನ್ನು ನಾವೇ ಬರೆದುಕೊಳ್ಳಬೇಕು.

ಮೂಲೆಯಿಂದ ಮೂಲೆಗೆ 18.5 ಅಂಗುಲ, ಬಿಂದುಗಳು 1366ಕ್ಕೆ 768. ಮಾಲೂರಿನ ಹೆಂಚನ್ನು ಸಾಲಾಗಿ ಹೊದಿಸಿದ ಮಾಡಿನಂತೆ ತೆರೆಯೆಲ್ಲ ಈ ಬಿಂದುಗಳ ಸಾಲು. ಪಿಕ್ಸೆಲ್ ಎಂಬುದು ಇದಕ್ಕೇ. ಒಂದೊಂದರ ಅಗಲ ಸುಮಾರು 0.30 ಮಿಲಿಮೀಟರ್. 21.5 ಅಂಗುಲದ 1920ಕ್ಕೆ 1080ರ ತೆರೆಯಲ್ಲಾದರೆ 0.25. ಈ ಅಂತರ ಇಂಗ್ಲಿಷ್ ಓದುವವನನ್ನು ಅಷ್ಟಾಗಿ ಬಾಧಿಸದು. ನಮ್ಮ ಲಿಪಿಯಲ್ಲಿ ಅಕ್ಷರದ ಅಡಿಯಲ್ಲಿ ಇನ್ನೊಂದು ಅಕ್ಷರ ಕುಗ್ಗಿ ಕುಳಿತಿರುತ್ತದೆ. ಒಂದೂವರೆ ಮಿಲಿಮೀಟರ್ ಎತ್ತರದ ಒತ್ತಿಗೆ ನಮ್ಮ ತೆರೆ ಕೊಡುವುದು ಐದೇ ಸಾಲು. ಆ ಐದರಲ್ಲಿ ಧಕಾರದ ಸೀಳು ಎಲ್ಲಿ ಹಿಡಿಸೀತು? 'ಬುದ್ಧಿ' ತನ್ನ ಮಹಾಪ್ರಾಣವನ್ನು ಕಳೆದುಕೊಳ್ಳುತ್ತದೆ.

ಪ್ರತಿಕ್ರಿಯೆಯ ಕಾಲ 5 ಮಿಲಿಸೆಕೆಂಡು ಎಂದಿತ್ತು. ಅದು ಆಟವಾಡುವ ಮಕ್ಕಳಿಗೆ ಬೇಕಾದ ಸಂಗತಿ, ಪುಟ ಓಡುವುದಿಲ್ಲ.

ಕೆಳಗೊಂದು ಸಾಲು: ನೋಟದ ಕೋನ, ಅಡ್ಡಕ್ಕೆ 90, ಲಂಬಕ್ಕೆ 65 ಡಿಗ್ರಿ. ಎಂದರೆ ನಡುವಿನಿಂದ ಆ ಬದಿಗೆ 45, ಈ ಬದಿಗೆ 45. ಕಾಗದ ಸುಳ್ಳು ಹೇಳಿರಲಿಲ್ಲ, ನಾವು ಓದಿರಲಿಲ್ಲ. ಈ ಕೋನವನ್ನು ಅಳೆಯುವ ರೀತಿಯೂ ತಿಳಿಯತಕ್ಕದ್ದು. ಬಿಳುಪು ಕಪ್ಪಿಗಿಂತ ಹತ್ತು ಪಟ್ಟು ಬೆಳಗುವವರೆಗೂ 'ಕಾಣುತ್ತದೆ' ಎಂದೇ ಸಾಮಾನ್ಯವಾದ ಲೆಕ್ಕ. ನಡುವೆ ಕುಳಿತವನಿಗೆ ಇದೇ ಅಂತರ ಆರುನೂರು, ಸಾವಿರ ಪಟ್ಟು ಇರುತ್ತದೆ. ಆದುದರಿಂದ ಲೆಕ್ಕದ ಕಾಣುವಿಕೆ ಬೇರೆ, ಓದುಗನ ಕಾಣುವಿಕೆ ಬೇರೆ.

ಹೀಗಾಗುವುದೇಕೆ? ಎರಡು ಗಾಜುಗಳ ನಡುವೆ ದ್ರವಸ್ಫಟಿಕವೆಂಬ ವಸ್ತುವಿದೆ, ಅದರ ಅಣುಗಳು ಕಡ್ಡಿಯಂತಿವೆ. ವಿದ್ಯುತ್ತು ತಾಗಿದಾಗ ಕಡ್ಡಿಗಳು ಎದ್ದುನಿಂತು ಬೆಳಕಿಗೆ ತಡೆಯಾಗುತ್ತದೆ. ನೇರ ನೋಡಿದರೆ ಕಡ್ಡಿಯ ತುದಿ, ಓರೆಯಾಗಿ ನೋಡಿದರೆ ಅದರ ಮೈ ಕಾಣುತ್ತದೆ. ಆ ಓರೆಯಲ್ಲಿ ಬೆಳಕು ಸೋರಿ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ.

ಇಲ್ಲಿ ನಮ್ಮ ನೆರೆಯ ಬೆಂಗಳೂರಿನ ಮಾತು ಬರುತ್ತದೆ. ಕಡ್ಡಿಯಂಥ ಅಣುಗಳಷ್ಟೇ ದ್ರವಸ್ಫಟಿಕವಾಗಬಲ್ಲವೆಂಬುದು ಬಹುಕಾಲದ ನಂಬಿಕೆಯಾಗಿತ್ತು. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರು ಬಿಲ್ಲೆಯಾಕಾರದ ಅಣುಗಳೂ ನಾಣ್ಯ ಪೇರಿಸಿದಂತೆ ನಿಂತು ದ್ರವಸ್ಫಟಿಕವಾಗುತ್ತವೆಂದು ತೋರಿಸಿದರು. ಆ ಲೇಖನ ಅಚ್ಚಾದದ್ದೂ ಬೆಂಗಳೂರಿನಲ್ಲೇ ಹೊರಡುವ 'ಪ್ರಮಾಣ' ಪತ್ರಿಕೆಯಲ್ಲಿ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆ ಇಂಥ ಬಿಲ್ಲೆಯ ಅಣುಗಳನ್ನು ತೆಳುಪೊರೆಯಲ್ಲಿ ಹೆಪ್ಪುಗಟ್ಟಿಸಿ ತೆರೆಗೆ ಅಂಟಿಸಿತು. ಕಡ್ಡಿ ಕೆಡಿಸಿದ ಬೆಳಕನ್ನು ಬಿಲ್ಲೆ ಬಹುಮಟ್ಟಿಗೆ ತಿದ್ದುತ್ತದೆ, ನೋಟದ ಕೋನ ಅಗಲವಾಗುತ್ತದೆ. ಪಕ್ಕದಲ್ಲಿ ಕುಳಿತವನಿಗಾಗಿ ಇಷ್ಟು ವಿದ್ಯೆ ನಮ್ಮ ಬಳಿಯೇ ಹುಟ್ಟಿದ್ದನ್ನು ಕನ್ನಡದ ಪ್ರಾಧ್ಯಾಪಕನಾದ ನಾನು ಇಷ್ಟು ತಡವಾಗಿ ತಿಳಿದೆನೆಂಬ ಸಂಕೋಚ ನನಗಿದೆ.

ಕಡ್ಡಿಗಳನ್ನು ಎಬ್ಬಿಸದೆ ಮಲಗಿದಂತೆಯೇ ತಿರುಗಿಸುವ ಐ.ಪಿ.ಎಸ್. ಎಂಬ ಬಗೆಯೂ ಉಂಟು, ಅದರ ಕಾಗದದಲ್ಲಿ 178 ಡಿಗ್ರಿ ಎಂದಿರುತ್ತದೆ. ಹೊಸ ತೆರೆ ಕೊಳ್ಳುವ ದಿನ ಆ ಹಿರಿಯರನ್ನೇ ಅಂಗಡಿಗೆ ಕರೆದೊಯ್ದೆವು. ಅವರು ಕಾಗದ ಕೇಳಲಿಲ್ಲ. ಕನ್ನಡದ ಪುಟವೊಂದನ್ನು ತೆರೆಸಿ, ಗೋಡೆಯ ಬದಿಗೆ ಸರಿದು ನಿಂತು, ಗಟ್ಟಿಯಾಗಿ ಓದತೊಡಗಿದರು.