ಶಾಲೆಯ ನೆಟ್ ಸೋರುವುದೆಲ್ಲಿ?

(ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



"ನೆಟ್ ನಿಧಾನ, ಇವತ್ತೂ ಕನ್ನಡ ಪಾಠದ ವಿಡಿಯೋ ತೋರಿಸಲಿಲ್ಲ" ಎಂದು ಮಕ್ಕಳು ಮನೆಗೆ ಬಂದು ಹೇಳುವುದನ್ನು ತಾವೆಲ್ಲ ಕೇಳಿದ್ದೀರಿ. 2020ರ ಜೂನ್‌ನಲ್ಲಿ ಫಸ್ಟ್ ಬೆಲ್ ತರಗತಿಗಳು ಶುರುವಾದಾಗ ಮಲಯಾಳ ಪಾಠಗಳು ವಿಕ್ಟರ್ಸ್ ಟಿ.ವಿ.ಯಲ್ಲಿ ಬಂದವು, ನಮ್ಮ ಮಕ್ಕಳು ಹೆಚ್ಚಾಗಿ ನೆಟ್ಟನ್ನೇ ನಂಬಬೇಕಾಯಿತು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಇರಬೇಕೆನ್ನುವ ಸಂವಿಧಾನದ 350ಎ ವಿಧಿ ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ. ಈಗ ಆ ಸೌಕರ್ಯದಲ್ಲಿ ನೆಟ್ ಸಹ ಸೇರಿದೆ ಎಂದು ನಾನು ತಿಳಿಯುತ್ತೇನೆ.

ಹಿಂದೊಮ್ಮೆ ನಾವು ಕೆಲವರು ಸೇರಿ ಒಂದು ಕಚೇರಿಗೆ ಮನವಿ ಕೊಟ್ಟೆವು. "ಸಂಪರ್ಕ ಸರಿಯಾಗಿದೆ" ಎಂಬ ಒಂದು ಸಾಲಿನ ಉತ್ತರ ಬಂತು. ಸಿಟ್ಟು ಬಂತು, ಆದರೆ ತಪ್ಪು ನಮ್ಮಲ್ಲೂ ಇತ್ತು. ನಿಧಾನ ಎಂದೆವೇ ಹೊರತು ಎಷ್ಟು, ಎಲ್ಲಿ ಎಂದು ಬರೆದಿರಲಿಲ್ಲ.

ಗುಡ್ಡದ ಸುರಂಗದ ನೀರು ಅಂಗಳದ ಟಾಂಕಿಗೆ ಕಡಿಮೆ ಬಂದರೆ ನಾವೇನು ಮಾಡುತ್ತೇವೆ? ಸುರಂಗ ಬತ್ತಿತೋ ದಂಬೆ ಸೋರಿತೋ ಎಂದು ಮೊದಲು ನೋಡುತ್ತೇವೆ. ಎರಡೂ ಕಡೆ ಕೊಡಪಾನ ಹಿಡಿದು, ತುಂಬಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕುತ್ತೇವೆ. ಐಪರ್ಫ್3 ಎಂಬ ಉಚಿತ ತಂತ್ರಾಂಶದ ಕೆಲಸವೂ ಇಷ್ಟೇ. ಎರಡು ಕಂಪ್ಯೂಟರುಗಳ ನಡುವೆ ಹತ್ತು ಸೆಕೆಂಡು ಮಾಹಿತಿ ಹರಿಸಿ, ಸೆಕೆಂಡಿಗೆ ಎಷ್ಟು ಮೆಗಾಬಿಟ್ ಸಾಗಿತೆಂದು ಹೇಳುತ್ತದೆ. (ಬಿಟ್ ಬೇರೆ, ಬೈಟ್ ಬೇರೆ, ಎಂಟು ಬಿಟ್‌ಗೆ ಒಂದು ಬೈಟ್.)

ನಮ್ಮ ಶಾಲೆಗಳ ಕಂಪ್ಯೂಟರುಗಳಲ್ಲಿ ಉಬುಂಟು ಇರುವುದರಿಂದ ಇದನ್ನು ಸ್ಥಾಪಿಸುವುದು ಕಷ್ಟವಲ್ಲ. ಲ್ಯಾಬಿನಲ್ಲಿ ತಂತಿಯಿಂದ ಜೋಡಿಸಿದ ಒಂದು ಯಂತ್ರದ ಟರ್ಮಿನಲಿನಲ್ಲಿ "ಐಪರ್ಫ್3 -ಎಸ್" ಎಂದು ಕೊಟ್ಟರೆ ಅದು ಕಾಯುತ್ತ ಕೂರುತ್ತದೆ. ತರಗತಿಯ ಲ್ಯಾಪ್‌ಟಾಪಿನಲ್ಲಿ "ಐಪರ್ಫ್3 -ಸಿ" ಬರೆದು, ಮುಂದೆ ಲ್ಯಾಬಿನ ಯಂತ್ರದ ಐಪಿ ವಿಳಾಸ, ಕೊನೆಗೆ "-ಆರ್" ಸೇರಿಸಬೇಕು. ಎಸ್, ಸಿ ಸಣ್ಣ ಅಕ್ಷರ, ಆರ್ ದೊಡ್ಡಕ್ಷರ. ಎಲ್ಲ ಇಂಗ್ಲಿಷ್ ಲಿಪಿಯಲ್ಲೇ. ಆರ್ ಮರೆತರೆ ಹರಿವು ತರಗತಿಯಿಂದ ಲ್ಯಾಬಿಗೆ ಆಗುತ್ತದೆ. ನಮಗೆ ಬೇಕಾದದ್ದು ತರಗತಿಗೆ ಬರುವ ಹರಿವು.

100 ಮೆಗಾಬಿಟ್‌ನ ತಂತಿ ಚೆನ್ನಾಗಿದ್ದರೆ 94ರ ಹತ್ತಿರ ಬರುತ್ತದೆ. ಉಳಿದದ್ದು ವಿಳಾಸ ಬರೆಯುವ ಖರ್ಚು. ಗಿಗಾಬಿಟ್ ಸ್ವಿಚ್ಚಿನಲ್ಲಿ 940 ಬರಬೇಕಾದಲ್ಲಿ 94 ಬಂದರೆ, ಕೇಬಲಿನ ನಾಲ್ಕು ಜೋಡಿ ಎಳೆಗಳಲ್ಲಿ ಒಂದು ತುಂಡಾಗಿರಬಹುದು. ಇಲಿಯೋ ಮಳೆಗಾಲದ ತುಕ್ಕೋ ನೋಡಬೇಕು. ಲ್ಯಾಬಿನ ತಂತಿಯಲ್ಲಿ 94, ಮೂರನೆಯ ಕೋಣೆಯ ವೈಫೈಯಲ್ಲಿ 5 ಬಂದರೆ, ಅದು ಮುರಕಲ್ಲಿನ ಗೋಡೆಗಳ ಕೆಲಸ ಎಂದು ಸಂಶಯಿಸಬಹುದು. ಆಗ ಹೊರಗಿನ ಲೈನನ್ನು ಎಷ್ಟು ಹೆಚ್ಚಿಸಿದರೂ ಆ ಕೋಣೆಯ ಮಕ್ಕಳಿಗೆ ಪ್ರಯೋಜನವಿಲ್ಲ. ಅಲ್ಲಿಗೊಂದು ಕೇಬಲ್ ಎಳೆಯಬೇಕು. ಒಳಗೆ ಎಲ್ಲ ಕಡೆ 94 ಬಂದೂ ವಿಡಿಯೋ ನಿಂತರೆ ಮಾತ್ರ ಲೈನಿನ ಮೇಲೆ ದೂರು ಕೊಡಿ. ಹೊರಗಿನ ಲೈನನ್ನು ಸ್ಪೀಡ್ ಟೆಸ್ಟ್ ಪುಟದಲ್ಲಿ ಬೇರೆಯಾಗಿ ಅಳೆಯಬೇಕು, ಅದೂ ಲ್ಯಾಬಿನ ತಂತಿಯಿಂದಲೇ.

ಒಂದೇ ಸಲ ಅಳೆದು ನಂಬಬೇಡಿ. ಬೆಳಿಗ್ಗೆ ಒಮ್ಮೆ, ಎಲ್ಲ ತರಗತಿಗಳೂ ನಡೆಯುವಾಗ ಒಮ್ಮೆ, ಜೋರು ಮಳೆಯ ದಿನ ಒಮ್ಮೆ ಅಳೆಯಿರಿ. ಪಾಠದ ಹೊತ್ತಿನಲ್ಲಾದರೆ ಅಧ್ಯಾಪಕರನ್ನು ಕೇಳಿ, ಏಕೆಂದರೆ ಆ ಹತ್ತು ಸೆಕೆಂಡು ಈ ತಂತ್ರಾಂಶ ದಾರಿಯನ್ನೆಲ್ಲ ತಾನೇ ಆಕ್ರಮಿಸುತ್ತದೆ. ಹೈಸ್ಕೂಲುಗಳಲ್ಲಿ 2018ರಿಂದ ಲಿಟ್ಲ್ ಕೈಟ್ಸ್ ಕೂಟಗಳಿವೆ. ಆ ಮಕ್ಕಳಿಗೆ ಇದು ಅರ್ಧ ಗಂಟೆಯ ಕೆಲಸ. ನಮಗಿಂತ ಬೇಗ ಕಲಿಯುತ್ತಾರೆ, ಅದರಲ್ಲಿ ನಾಚಿಕೆಯೇನೂ ಇಲ್ಲ.

ದಿನಾಂಕ, ಹೊತ್ತು, ಕೋಣೆ, ಅಂಕೆ ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಮುಂದಿನ ಸಭೆಗೆ ತನ್ನಿ. ಮನವಿಗೆ ಅದನ್ನೇ ಲಗತ್ತಿಸೋಣ.